ಮೂರು ವರ್ಷದ ಬುದ್ಧಿ ನೂರು ವರ್ಷ ಇರುತ್ತದೆಯೇ?

"ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ" ಎಂಬ ಗಾದೆ ಕೇಳದ ಮನೆ ನಮ್ಮಲ್ಲಿ ಇರಲಾರದು. ಕೂಸು ಹಟ ಮಾಡಿ ಅತ್ತರೆ ಈ ಗಾದೆ. ಯಜಮಾನರು ಸಿಡುಕಿದರೆ ಈ ಗಾದೆ. ಅತ್ತೆ ಸೊಸೆಯ ಬಗ್ಗೆ, ಸೊಸೆ ಅತ್ತೆಯ ಬಗ್ಗೆ, ನೆಗೆಣ್ಣಿ ನೆಗೆಣ್ಣಿಯ ಬಗ್ಗೆ ಮನಸ್ಸಿನಲ್ಲೇ ಅಂದುಕೊಳ್ಳುವುದೂ ಇದೇ ಗಾದೆ. "ಅವರ ಸ್ವಭಾವನ ಹಂಗ, ಇನ್ನೇನ್ ಬದಲಾಗ್ತಾರ ಬಿಡ್ರಿ" ಎಂದು ಒಂದೇ ಮಾತಿನಲ್ಲಿ ಮನುಷ್ಯರ ಲೆಕ್ಕ ಮುಗಿಸಿಬಿಡುತ್ತೇವೆ. ಆದರೆ ಸಹೋದರಿಯರೇ, ಈ ಲೆಕ್ಕ ಸರಿಯೇ? ಒಬ್ಬಳೇ ಒಬ್ಬ ಹೆಂಗಸಿನ ಜೊತೆ ಒಂದೇ ಸೂರಿನ ಕೆಳಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಬಾಳಿದ ಮೇಲೆ ನನಗೆ ಈ ಗಾದೆ ಅರ್ಧ ಮಾತ್ರ ನಿಜ ಅನ್ನಿಸುತ್ತಿದೆ. ಉಳಿದರ್ಧದ ಬಗ್ಗೆ ಹೇಳಬೇಕೆಂದೇ ಈ ಬರಹ.

ನಾನು ಸವದತ್ತಿ ಸೀಮೆಯ ಸಿರಸಂಗಿಯ ಸೊಸೆ. ಕಾಳಮ್ಮನ ಗುಡಿಯಿಂದ ನಮ್ಮೂರಿನ ಹೆಸರು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಊರಿಗೆ ಈ ಹೆಸರು ಬಂದದ್ದು ಋಷ್ಯಶೃಂಗ ಮುನಿಯಿಂದ ಎಂದು ನಮ್ಮ ಕಡೆ ಹೇಳುತ್ತಾರೆ. ಆ ಕಥೆ ನಿಮಗೂ ತಿಳಿದದ್ದೇ. ಅಡವಿಯಲ್ಲಿ ತಂದೆಯೊಬ್ಬನನ್ನು ಬಿಟ್ಟು ಬೇರೆ ನರಮನುಷ್ಯರನ್ನು ಕಾಣದೆ ಬೆಳೆದ ಹುಡುಗ. ಹೆಣ್ಣನ್ನು ಮೊದಲ ಸಲ ಕಂಡಾಗ ಅವಳೂ ಒಬ್ಬ ತಪಸ್ವಿಯೇ ಎಂದುಕೊಂಡವನು! ಅಂಥವನು ಅಂಗರಾಜ್ಯಕ್ಕೆ ಹೋದ, ಮಳೆ ತಂದ, ಶಾಂತೆಯ ಗಂಡನಾದ, ಕಡೆಗೆ ದಶರಥನ ಮನೆಯಲ್ಲಿ ಮಕ್ಕಳಿಗಾಗಿ ಯಜ್ಞ ಮಾಡಿಸಿದ. ಕಾಡಿನ ಕೂಸು ಸಂಸಾರಸ್ಥನಾಗಿ, ಇನ್ನೊಬ್ಬರ ಮನೆಯ ತೊಟ್ಟಿಲು ತೂಗಿಸುವ ಹಿರಿಯನಾದ. ಮೂರು ವರ್ಷದ ಬುದ್ಧಿಯೇ ಕೊನೆಯವರೆಗೂ ಉಳಿದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಪುರಾಣ ಬೇಡವೆಂದರೆ ಇತಿಹಾಸದಲ್ಲೂ ನಮ್ಮೂರಿಗೆ ಒಂದು ಉದಾಹರಣೆ ಇದೆ. ಸಿರಸಂಗಿ ಲಿಂಗರಾಜ ದೇಸಾಯಿಯವರು 1861ರಲ್ಲಿ ಶಿಗ್ಗಾಂವಿಯಲ್ಲಿ ಹುಟ್ಟಿದರು. ಸಿರಸಂಗಿಯ ದೇಸಗತಿಗೆ ದತ್ತಕ ಬಂದು ಈ ವಾಡೆಯ ಮಗನಾದರು. ಹುಟ್ಟಿದ ಮನೆ ಬಿಟ್ಟು ಇನ್ನೊಂದು ಮನೆಯವರಾಗುವುದು ಎಂಥದೆಂದು ನಮಗೆ, ಹೆಣ್ಣುಮಕ್ಕಳಿಗೆ, ಯಾರೂ ಹೇಳಿಕೊಡಬೇಕಿಲ್ಲ. ಆ ಹುಡುಗ ಬೆಳೆದು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧ್ಯಕ್ಷರಾದರು. ದೇಸಗತಿಯ ಆಸ್ತಿ ಸಮಾಜದ ಮಕ್ಕಳ ಓದಿಗೆ ಸಲ್ಲಲೆಂದು ಉಯಿಲು ಬರೆದು, 1906ರಲ್ಲಿ, ಇನ್ನೂ ನಲವತ್ತೈದರ ವಯಸ್ಸಿನಲ್ಲೇ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ದೇಸಾಯರ ಮಗನಾಗಲು ಬಂದವರು ಕಾಣದ ಮಕ್ಕಳಿಗೂ ತಂದೆಯಾಗಿ ಹೋದರು.

ದೊಡ್ಡವರ ಮಾತು ಹಾಗಿರಲಿ. ನಮ್ಮ ನಿಮ್ಮಂಥ ಹೆಂಗಸರ ಬಾಳು ನೋಡೋಣ.

ಮನುಷ್ಯ ಬೆಳೆಯುತ್ತಾನೆ ಎಂಬುದನ್ನು ನಮ್ಮ ಹಿರಿಯರು ತಿಳಿದಿರಲಿಲ್ಲವೆಂದಲ್ಲ. ಅದಕ್ಕೇ ಹೆಜ್ಜೆ ಹೆಜ್ಜೆಗೂ ಒಂದೊಂದು ಶಾಸ್ತ್ರ ಇಟ್ಟರು. ಕೂಸಿಗೆ ತೊಟ್ಟಿಲು, ಹೆಸರಿಡುವುದು. ಆಮೇಲೆ ಕಿವಿ ಚುಚ್ಚುವುದು, ಜವಳ. ಹುಡುಗಿ ದೊಡ್ಡವಳಾದರೆ ಆರತಿ. ಆಮೇಲೆ ಮದುವೆ. ಬಸುರಿಗೆ ಕುಬಸ, ಹಸಿರು ಸೀರೆ, ಹಸಿರು ಬಳೆ. ಬಾಣಂತಿಗೆ ಅಂಟಿನ ಉಂಡಿ. ಮೂರು ಕಿಲೋ ಹುಟ್ಟಿದ ಕೂಸು ಐದು ತಿಂಗಳಿಗೆ ಸುಮಾರು ಆರು ಕಿಲೋ, ವರ್ಷ ತುಂಬಿದಾಗ ಒಂಬತ್ತು ಕಿಲೋ ಆಗುತ್ತದೆ. ಈ ಬೆಳವಣಿಗೆ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಹಬ್ಬ ಮಾಡುತ್ತೇವೆ.

ಆದರೆ ಎಂದಾದರೂ ಗಮನಿಸಿದ್ದೀರಾ? ಕುಬಸ, ಬಾಣಂತನ ಮುಗಿದವೆಂದರೆ ಹೆಣ್ಣಿನ ಹೆಸರಿನಲ್ಲಿ ಮಾಡುವ ಶಾಸ್ತ್ರಗಳೂ ಮುಗಿದವು. ಗಂಡಸಿಗೆ ಅರವತ್ತು ತುಂಬಿದರೆ ಅನೇಕ ಮನೆಗಳಲ್ಲಿ ಸಮಾರಂಭ ಮಾಡುತ್ತಾರೆ. ಹೆಂಡತಿ ಪಕ್ಕದಲ್ಲಿ ಕೂಡುತ್ತಾಳೆ, ಅಷ್ಟೆ. ಅವಳಿಗೆಂದೇ ಏನಾದರೂ ಮಾಡುವುದಿದ್ದರೆ ಅದು ಗಂಡ ಸತ್ತ ದಿನ ಬಳೆ ಒಡೆಯುವುದು. ಬಾಣಂತಿಗೆ ಅಂಟಿನ ಉಂಡಿ ಕಟ್ಟುವ ನಾವು ಮುಟ್ಟು ನಿಲ್ಲುವ ಹೆಣ್ಣಿಗೆ ಯಾವ ಉಂಡಿ ಕಟ್ಟಿದ್ದೇವೆ? ಇಪ್ಪತ್ತೈದು ಮೂವತ್ತಕ್ಕೆಲ್ಲ ಹೆಣ್ಣಿನ ಬೆಳವಣಿಗೆ ಮುಗಿಯಿತು, ಇನ್ನು ಉಳಿದದ್ದು ಸವೆಯುವುದು ಮಾತ್ರ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ನಮ್ಮ ಅತ್ತಿಯವರ ಮದುವೆಯಾದದ್ದು 1963ರಲ್ಲಿ, ಹದಿಮೂರು ವರ್ಷಕ್ಕೆ. ಆಗಿನ ಕಾಯಿದೆಯ ಪ್ರಕಾರ ಹುಡುಗಿಗೆ ಹದಿನೈದು ತುಂಬಿರಬೇಕಿತ್ತು. ಹದಿನೆಂಟು ಎಂದಾದದ್ದು 1978ರಲ್ಲಿ. ಕಾಯಿದೆ ಕಾಗದದ ಮೇಲಿತ್ತು, ಅವರು ಒಲೆಯ ಮುಂದಿದ್ದರು. ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಹದಿನಾಲ್ಕು ಮಂದಿಯ ಮನೆ, ದಿನಕ್ಕೆ ನೂರಕ್ಕೆ ಕಮ್ಮಿ ಇಲ್ಲದಂತೆ ಜೋಳದ ರೊಟ್ಟಿ, ಹೊಲಕ್ಕೆ ಬುತ್ತಿ, ದನಕರು, ಬಾಣಂತನ... ಇಷ್ಟರಲ್ಲೇ ಅವರ ಹರೆಯ ಕಳೆದುಹೋಯಿತು.

1993ರಲ್ಲಿ ನಾನು ಆ ಮನೆಗೆ ಬಂದಾಗ ನನಗೆ ಹತ್ತೊಂಬತ್ತು. ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಮುಂದಿನ ಪರೀಕ್ಷೆಗಳಿಗೆ ಮನೆಯಲ್ಲೇ ಓದಿಕೊಂಡು ಕೂಡಬಹುದು ಎಂಬ ಮಾತಿನ ಮೇಲೆ ಅಪ್ಪ ಮದುವೆಗೆ ಒಪ್ಪಿದ್ದರು. ಪುಸ್ತಕಗಳನ್ನು ಟ್ರಂಕಿನಲ್ಲಿ ಹೊಂದಿಸಿ ತಂದಿದ್ದೆ. ಬಂದ ಎರಡನೆಯ ವಾರಕ್ಕೆ ಅತ್ತಿ ಟ್ರಂಕಿಗೆ ಕೀಲಿ ಹಾಕಿ ಅದನ್ನು ಸೊಂಟಕ್ಕೆ ಸಿಗಿಸಿಕೊಂಡರು. "ಓದೂದು ಸಾಕಾತು ತಂಗಿ. ಇನ್ನ ರೊಟ್ಟಿ ಬಡಿಯೂದು ಕಲಿ" ಅಂದರು. ಯಜಮಾನರು ಸುಮ್ಮನಿದ್ದರು. ಆ ರಾತ್ರಿ ನಾನು ಅತ್ತದ್ದು ಗ್ವಾದಲಿಯಲ್ಲಿದ್ದ ಎಮ್ಮೆಗೆ ಮಾತ್ರ ಗೊತ್ತು!

ಆಗ ಅವರಿಗೆ ನಲವತ್ಮೂರು. ಆ ವಯಸ್ಸನ್ನು ನಾನೂ ದಾಟಿ ಬಂದ ಮೇಲೆ ಕೆಲವು ಸಂಗತಿ ಅರ್ಥವಾಗುತ್ತಿವೆ. ನಡುರಾತ್ರಿ ಎದ್ದು ಅಂಗಳದಲ್ಲಿ ಕೂಡುತ್ತಿದ್ದರು. ಚಳಿಗಾಲದಲ್ಲೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕಾರಣವಿಲ್ಲದೆ ರೇಗುತ್ತಿದ್ದರು. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯಲ್ಲಿ ಬಿಸಿ ಏರುವುದು, ನಿದ್ದೆ ಕೆಡುವುದು, ಮನಸ್ಸು ಕುದಿಯುವುದು ಅನೇಕರಿಗೆ ಆಗುತ್ತದೆಂದು ಆಗ ಮನೆಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಅವರ ಅತ್ತಿ ಅವರಿಂದ ಕಸಿದದ್ದನ್ನೇ ಅವರು ನನ್ನಿಂದ ಕಸಿದರು. ಹೀಗೆಂದ ಮಾತ್ರಕ್ಕೆ ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ತಿಳಿಯುವುದು ಬೇರೆ, ಮರೆಯುವುದು ಬೇರೆ.

2012ರಲ್ಲಿ ಮಾವನವರು ತೀರಿಕೊಂಡರು. ಅತ್ತಿಗೆ ಅರವತ್ತೆರಡು. ಇನ್ನು ಮೂಲೆಯಲ್ಲಿ ಕೂತು ಶಿವಾ ಶಿವಾ ಅಂತಾರೆ ಎಂದು ಎಲ್ಲರೂ ತಿಳಿದರು. ಮರುವರ್ಷದ ಯುಗಾದಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಪಕ್ಕಕ್ಕೆ ಬಂದು ಕೂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂಗಿ, ನಂಗ ನನ್ನ ಹೆಸರು ಬರಿಯೂದು ಕಲಸ್ತೀಯೇನು?" ಎಂದು ಕೇಳಿದರು.

"ಯಾಕ್ರೀ ಅತ್ತಿ, ಈಗ್ಯಾಕ ನೆನಪಾತು?"

"ಅವರು ಹೋದ ಮ್ಯಾಲ ಎಷ್ಟು ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಿಸಿಕೊಂಡ್ರ. ಯಾವ ಕಾಗದದಾಗ ಏನ್ ಐತಿ ಅಂತ ನಂಗ ಗೊತ್ತಿಲ್ಲ. ನನ್ನ ಹೊಲ, ನನ್ನ ಹೆಬ್ಬೆಟ್ಟು, ನಂಗ ಗೊತ್ತಿಲ್ಲ. ಇದು ಎಂಥಾ ಬಾಳೇ?"

ಅಂದು ರಾತ್ರಿ ಈ ಮಾತು ಊಟದ ಹೊತ್ತಿನಲ್ಲಿ ಎದ್ದಾಗ ಭಾವನವರು ನಕ್ಕರು. "ಈ ವಯಸ್ಸಿನಾಗ ಅದೆಲ್ಲ ಯಾಕ ಬೇಕವ್ವಾ? ನಾವು ಇಲ್ಲೇನು?" ಎಂದರು. ಅತ್ತಿ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿದರು. ನನ್ನ ಟ್ರಂಕಿಗೆ ಕೀಲಿ ಹಾಕಿದ ಕೈ ಅದೇ. ಅದೇ ಕೈ ಈಗ ಬಳಪ ಬೇಡುತ್ತಿತ್ತು. ಏನು ಮಾಡಬೇಕೆಂದು ಆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮರುದಿನ ಮಗಳ ಹಳೆಯ ಪಾಟಿ ಹುಡುಕಿ ತೆಗೆದೆ.

ಅವರ ಹೆಸರಿನ ಕೊನೆಗೆ ‘ವ್ವ’ ಬರುತ್ತದೆ. ವಕಾರ ಬಂದರೂ ಅದರ ಕೆಳಗಿನ ಒತ್ತು ಬರಲಿಲ್ಲ. ರೊಟ್ಟಿ ಬಡಿದು ಬಡಿದು ಬೆರಳು ಗಡುಸಾಗಿದ್ದವು. ತಿಂಗಳುಗಟ್ಟಲೆ ತಿದ್ದಿದರು. ಒಲೆಯ ಮುಂದೆ ಹಿಟ್ಟಿನಲ್ಲಿ ಬರೆದರು, ಅಂಗಳದ ಮಣ್ಣಿನಲ್ಲಿ ಬರೆದರು. ದೀಪಾವಳಿಯ ಹೊತ್ತಿಗೆ ಹೆಸರು ಪೂರ್ತಿ ಬಂತು. ಮರುದಿನ ಬೆಳಿಗ್ಗೆ ನನ್ನ ಟ್ರಂಕಿನ ಕೀಲಿ ದೇವರ ಜಗಲಿಯ ಮೇಲಿತ್ತು. ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ರಂಕು ತೆರೆದರೆ ಪುಸ್ತಕದ ಹಾಳೆಗಳು ಹಳದಿಯಾಗಿ, ಮುಟ್ಟಿದರೆ ಮುರಿಯುತ್ತಿದ್ದವು.

ಇದರ ಬೆಲೆ ನನಗೆ ತಿಳಿದದ್ದು 2014ರಲ್ಲಿ. ಮಗಳು ಪಿ.ಯು.ಸಿ. ಮುಗಿಸಿದ್ದಳು, ದೂರದ ಊರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅದೇ ಹೊತ್ತಿಗೆ ಒಳ್ಳೆಯ ಮನೆಯ ಸಂಬಂಧವೂ ಬಂತು. ಹದಿನೆಂಟು ತುಂಬಿದೆ, ಇನ್ನೇಕೆ ತಡ ಎಂದು ಗಂಡಸರು ಮಾತಿಗೆ ಕೂತರು. ನನ್ನ ಎದೆ ಡವಡವ ಎನ್ನುತ್ತಿತ್ತು. ಒಳಗಿನಿಂದ ಅತ್ತಿ ಬಂದು ಕಂಬಕ್ಕೆ ಒರಗಿ ನಿಂತರು. "ಹುಡುಗಿ ಓದಲಿ" ಅಂದರು. ಭಾವನವರು, "ನಿನಗ ತಿಳಿಯೂದಿಲ್ಲ, ಸುಮ್ಮನಿರವ್ವಾ. ರೊಕ್ಕ ಎಲ್ಲಿಂದ ತರೂದು?" ಎಂದರು. ಅತ್ತಿ ಮರುಮಾತಾಡಲಿಲ್ಲ. ಆ ವಾರವೇ ತಮ್ಮ ಬೋರಮಾಳ ಮಾರಿಸಿದರು. ಬಂದ ಹಣವನ್ನು ತಮ್ಮ ಖಾತೆಗೇ ಕಟ್ಟಿಸಿ, ಫೀ ತುಂಬುವ ದಿನ ಸ್ಲಿಪ್ಪಿನ ಮೇಲೆ ತಾವೇ ಸಹಿ ಮಾಡಿ ತೆಗೆದರು. ‘ವ್ವ’ದ ಒತ್ತು ಸ್ವಲ್ಪ ಸೊಟ್ಟಗೆ ಬಿದ್ದಿತ್ತು, ಆದರೆ ಬಿದ್ದಿತ್ತು! ಮಗಳು ಈಗ ತನ್ನ ಕಾಲ ಮೇಲೆ ತಾನು ನಿಂತಿದ್ದಾಳೆ. ಭಾವನವರ ಮುನಿಸು ಇಂದಿಗೂ ಪೂರ್ತಿ ಹೋಗಿಲ್ಲ.

ಈಗ ಯೋಚಿಸಿ ನೋಡಿ. ನಮ್ಮ ಅತ್ತಿ ಬದಲಾದರೇ, ಇಲ್ಲವೇ? ಹಟ ಅದೇ ಹಟ. ಸೊಸೆಯ ಪುಸ್ತಕಕ್ಕೆ ಕೀಲಿ ಹಾಕಿದ್ದೂ ಅದೇ ಹಟ, ಮೊಮ್ಮಗಳನ್ನು ಓದಿಸಿದ್ದೂ ಅದೇ ಹಟ. ಹಿಡಿದ ದಾರಿ ಮಾತ್ರ ಬೇರೆ.

ಇದಕ್ಕೆ ಒಪ್ಪುವಂಥ ಸಂಗತಿಯೊಂದನ್ನು ವಿದ್ವಾಂಸರೂ ಕಂಡುಕೊಂಡಿದ್ದಾರೆ. ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರು ವರ್ಷದವರಿದ್ದಾಗಿನಿಂದ ಹಿಡಿದು ಅರ್ಧ ಶತಮಾನದವರೆಗೆ ಬಿಡದೆ ನೋಡುತ್ತ ಬಂದರು. ಮೂರನೆಯ ವಯಸ್ಸಿನಲ್ಲಿ ಕಂಡ ಸ್ವಭಾವದ ಗುರುತು ಇಪ್ಪತ್ತಾರರಲ್ಲೂ ಕಂಡಿತಂತೆ. ಅಲ್ಲಿಗೆ ನಮ್ಮ ಗಾದೆ ಗೆದ್ದಿತು! ಆದರೆ ಅದೇ ಅಭ್ಯಾಸದಲ್ಲಿ ಇನ್ನೊಂದೂ ಕಂಡಿತು. ಚಿಕ್ಕಂದಿನಲ್ಲಿ ತಡೆದುಕೊಳ್ಳುವ ಗುಣ ಕಡಿಮೆಯಿದ್ದು, ಬೆಳೆಯುತ್ತ ಅದನ್ನು ಹೆಚ್ಚಿಸಿಕೊಂಡವರ ಬಾಳು ಎಣಿಸಿದ್ದಕ್ಕಿಂತ ಚೆನ್ನಾಗಿ ಸಾಗಿತ್ತು. ಮೂರು ವರ್ಷದ ಬುದ್ಧಿ ಬೀಜವಿದ್ದಂತೆ. ಜೋಳ ಬಿತ್ತಿದರೆ ಗೋಧಿ ಬರುವುದಿಲ್ಲ, ನಿಜ. ಆದರೆ ಜೋಳದ ತೆನೆ ತುಂಬುವುದು ಮಳೆ, ಗೊಬ್ಬರ, ಕಳೆ ಕೀಳುವ ಕೈಯ ಮೇಲಿದೆ.

ಮನುಷ್ಯನ ಬೆಳವಣಿಗೆ ಬಾಲ್ಯಕ್ಕೆ ಮುಗಿಯುವುದಿಲ್ಲ, ಮುಪ್ಪಿನವರೆಗೂ ಎಂಟು ಘಟ್ಟಗಳಲ್ಲಿ ಸಾಗುತ್ತದೆ ಎಂದು ಎರಿಕ್ ಎರಿಕ್ಸನ್ ಎಂಬ ಪಂಡಿತರು 1950ರಲ್ಲಿ ಬರೆದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಜೋನ್, ತಮ್ಮ ತೊಂಬತ್ತರ ಮೇಲಿನ ವಯಸ್ಸಿನಲ್ಲಿ, ಒಂಬತ್ತನೆಯ ಘಟ್ಟವನ್ನು ಸೇರಿಸಿದರು. ಅದು 1997ರಲ್ಲಿ ಅಚ್ಚಾಯಿತು. ತಾನು ಆ ಮುಪ್ಪನ್ನು ಮುಟ್ಟಿದ ಮೇಲೆ, ಇಲ್ಲಿಯೂ ಒಂದು ಮೆಟ್ಟಿಲಿದೆ ಎಂದು ಕಂಡ ಹೆಣ್ಣು! ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಹುಟ್ಟಿದವರ ಸರಾಸರಿ ಆಯುಸ್ಸು ಸುಮಾರು ಮೂವತ್ತೆರಡು ವರ್ಷವಿತ್ತು. ಈಗ ಸುಮಾರು ಎಪ್ಪತ್ತು. ನಮ್ಮ ಅಜ್ಜಿಯರಲ್ಲಿ ಅನೇಕರು ಕಾಣದ ವಯಸ್ಸನ್ನು ನಾವು ಕಾಣಲಿದ್ದೇವೆ. ಕುಬಸದ ಆಚೆಗಿನ ಆ ನಲವತ್ತು ವರ್ಷಗಳನ್ನು ಬರೀ ಸವೆಯುವುದರಲ್ಲಿ ಕಳೆಯಬೇಕೆ?

ಆದ್ದರಿಂದ ಸೋದರಿಯರಲ್ಲಿ ನನ್ನದೊಂದಿಷ್ಟು ವಿನಂತಿ. ಮೂರು ವರ್ಷದ ಕೂಸಿಗೆ ‘ಇವ ಹಟಮಾರಿ, ಇವಳು ಮೊದ್ದು’ ಎಂದು ಹಣೆಪಟ್ಟಿ ಕಟ್ಟಬೇಡಿ. ಹದಿಹರೆಯದ ಮಕ್ಕಳು ದುಡುಕಿದರೆ, ಮುಂದಾಲೋಚನೆಗೆ ಬೇಕಾದ ಮೆದುಳಿನ ಭಾಗ ಪೂರ್ತಿ ಮಾಗುವುದು ಇಪ್ಪತ್ತೈದರ ಸುಮಾರಿಗೆ ಎಂಬುದನ್ನು ನೆನೆಯಿರಿ. ಬುದ್ಧಿ ಹೇಳಿರಿ, ಆದರೆ ಕೆಟ್ಟರೆಂದು ಕೈಬಿಡಬೇಡಿ.

ನಲವತ್ತೈದು ಐವತ್ತರ ನಡುವೆ ಮುಟ್ಟು ನಿಲ್ಲುವ ಹೊತ್ತಿಗೆ ಹೆಣ್ಣಿನ ಎಲುಬು ಬೇಗ ಸವೆಯತೊಡಗುತ್ತದೆ. ಹಾಲು, ಮೊಸರು, ರಾಗಿ, ಎಳ್ಳು ನಿಮ್ಮ ತಾಟಿಗೂ ಬೀಳಲಿ, ಎಲ್ಲರದೂ ಆಗಿ ಉಳಿದರೆ ಮಾತ್ರ ಅಲ್ಲ. ಎಳ್ಳು, ಶೇಂಗಾ, ಬೆಲ್ಲ ಕುಟ್ಟಿ ನಮ್ಮ ವಯಸ್ಸಿನವರಿಗೂ ಉಂಡಿ ಕಟ್ಟೋಣ. ದಿನಾ ಅರ್ಧ ತಾಸು ಬಿಸಿಲಿನಲ್ಲಿ ನಡೆಯಿರಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ನಾಚದೆ, ತಡಮಾಡದೆ ಡಾಕ್ಟರರಿಗೆ ತೋರಿಸಿ. ಮನೆಯ ಹಿರಿಯರು ಹೊಸದೇನನ್ನಾದರೂ ಕಲಿಯುತ್ತೇನೆಂದರೆ ‘ಈ ವಯಸ್ಸಿನಾಗ ಯಾಕ’ ಎನ್ನುವ ಮಾತೊಂದನ್ನು ನುಂಗಿಕೊಳ್ಳಿ. ನಮ್ಮನ್ನು ನೋಯಿಸಿದವರು ಬದಲಾಗಲು ಹೊರಟಾಗ ಹಳೆಯ ನೋವನ್ನು ಮರೆಯಲೇಬೇಕೆಂದಿಲ್ಲ. ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ ಸಾಕು.

ಅತ್ತಿಗೆ ಈಗ ಎಪ್ಪತ್ತೈದು. ಕನ್ನಡಕ ಏರಿಸಿಕೊಂಡು ಬಸ್ಸಿನ ಬೋರ್ಡು ಓದುತ್ತಾರೆ. ಈ ಸಲ ಮಗಳು ರಜೆಗೆ ಬಂದಾಗ ನನಗೊಂದು ಅರ್ಜಿ ತಂದಳು, ಮನೆಯಲ್ಲೇ ಕೂತು ಬಿ.ಎ. ಓದುವುದಕ್ಕೆ. ಐವತ್ತು ದಾಟಿದವಳಿಗೆ ಇದೆಲ್ಲ ಯಾಕೆಂದು ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಅತ್ತಿ ಒಳಗಿನಿಂದಲೇ ಕೂಗಿದರು: "ತುಂಬು ತಂಗಿ. ರೊಟ್ಟಿ ನಾ ನೋಡ್ಕೋತೀನಿ."

ತುಂಬಿ ಕಳಿಸಿದ್ದೇನೆ. ಇನ್ನೊಂದು ಮಾತು. ಬೆಲ್ಲದ ಡಬ್ಬಿಯ ಕೀಲಿ ಮಾತ್ರ ಇಂದಿಗೂ ಅವರ ಸೊಂಟದಲ್ಲೇ ಇದೆ. ಯಾರು ಕೇಳಿದರೂ ಕೊಡುವುದಿಲ್ಲ. ಗಾದೆ ಪೂರ್ತಿ ಸುಳ್ಳೇನಲ್ಲ ನೋಡಿ!